ಏಳನೇ ಸಾಲಿನ ಹನ್ನೊಂದನೇ ಗಿಡ

ಡಿಸೆಂಬರ್ 14, 1986

ಮೂಗಯ್ಯನಿಗೆ,

ಇವತ್ತಿನ ಲಾರಿಯಲ್ಲಿ ಒಂಬತ್ತು ಚೀಲ ಕಾಫಿ ಬೀಜ ಕಳಿಸಿದ್ದೇನೆ. ಒಂದೊಂದರಲ್ಲೂ ಅರ್ಧ ಕಿಲೋ. ಸಾಲಿನ ನಂಬರು, ಗಿಡದ ನಂಬರು ಬರೆದ ಚೀಟಿ ಒಳಗೊಂದು, ಹೊರಗೊಂದು ಇದೆ. ಹೋದ ವರ್ಷ ನಿಮ್ಮ ಕಚೇರಿಯವರು ಹೊರಗಿನ ಚೀಟಿ ಕಳೆದುಕೊಂಡು, ‘ಯಾವುದು ಯಾವುದಮ್ಮಾ’ ಅಂತ ನನ್ನನ್ನೇ ಕೇಳಿದ್ದರಲ್ಲ. ಬೀಜ ನಾನು ಬೆಳೆಯಬೇಕು, ಬುದ್ಧಿಯೂ ನಾನೇ ಕಳಿಸಬೇಕು.

ಹಣ್ಣಾದದ್ದನ್ನು ಮಾತ್ರ ಕಿತ್ತಿದ್ದೇನೆ. ಹನ್ನೊಂದು ದಿನ ಒಣಗಿಸಿದೆ. ಹಲ್ಲಲ್ಲಿ ಕಚ್ಚಿದರೆ ಟಕ್ ಅನ್ನಬೇಕು ಅಂತ ನಿನ್ನಣ್ಣ ಹೇಳುತ್ತಿದ್ದರು. ಈ ವರ್ಷ ನನ್ನ ಹಲ್ಲೇ ಟಕ್ ಅಂದಿತು. ಎಡಗಡೆಯದು, ಅರ್ಧ ಹೋಯಿತು.

ಇನ್ನು ಕೆಲಸದ ಮಾತು. ಮೇಲ್ದಿಣ್ಣೆಯ ತೋಟಗಳೆಲ್ಲ ಎಲೆತುಕ್ಕಿಗೆ ಹೋದವು. ಎಲೆ ಮಗುಚಿ ನೋಡಿದರೆ ಕಿತ್ತಳೆ ಬಣ್ಣದ ಪುಡಿ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ತಿಂಗಳಲ್ಲಿ ಗಿಡ ಬೋಳು. ನಮ್ಮ ತಳಿತೋಟದಿಂದ ಒಂದೇ ಒಂದು ಗಿಡ ಆರಿಸಿ, ಅದರ ಬೀಜದ ಸಸಿಯನ್ನು ಅವರಿಗೆಲ್ಲ ಕೊಡಬೇಕು ಅಂತ ಮೇಲಿನವರು ತೀರ್ಮಾನ ಮಾಡಿದ್ದಾರೆ. ರುಚಿಯ ವರದಿ ನಿನ್ನದು. ಸಹಿ ನಿನ್ನದು. ಎಲ್ಲರ ಬಾಯಲ್ಲೂ ಏಳನೇ ಸಾಲಿನ ಹನ್ನೊಂದನೇ ಗಿಡ, ನಮ್ಮ ಮೊಂಡಿಯ ಹೆಸರೇ ಇದೆ. ಸುತ್ತಲಿನವೆಲ್ಲ ಬೋಳಾದಾಗಲೂ ಒಂದು ಎಲೆ ಉದುರಿಸದೆ ನಿಂತಿದ್ದಕ್ಕೆ ತಾನೇ ನಿನ್ನಣ್ಣ ಅದಕ್ಕೆ ಆ ಹೆಸರಿಟ್ಟಿದ್ದು. ಅವರು ಹೋಗಿ ಐದು ವರ್ಷ. ತೋಟದ ಬೀಗದ ಕೈ ನನ್ನ ಸೊಂಟಕ್ಕೆ ಬಂದೂ ಐದು ವರ್ಷ.

‘ಸಾಲು ಏಳು, ಗಿಡ ಹನ್ನೊಂದು’ ಅಂತ ಬರೆದ ಚೀಲವನ್ನು ಅವಸರ ಮಾಡದೆ ಕುಡಿದು ನೋಡು. ನಿನಗೆ ಏನನ್ನಿಸಿತೋ ಅದನ್ನೇ ನನಗೆ ಬರೆ. ಏನನ್ನಿಸಿದರೂ ಸರಿ.

ಅತ್ತಿಗೆ


ಜನವರಿ 6, 1987

ಪ್ರೀತಿಯ ಅತ್ತಿಗೆಗೆ,

ಹಲ್ಲಿನ ಡಾಕ್ಟರ ಹತ್ತಿರ ಹೋಗಿ. ನಕ್ಕು ಮರೆಯುವ ವಿಷಯವಲ್ಲ.

ಒಂಬತ್ತನ್ನೂ ಹುರಿದು, ಪುಡಿ ಮಾಡಿ, ಲೋಟಗಳಲ್ಲಿ ಬಿಸಿನೀರು ಹಾಕಿ ರುಚಿ ನೋಡಿದ್ದಾಯಿತು. ವರದಿ ಬೇರೆ ಕಳಿಸುತ್ತೇನೆ. ಮೊಂಡಿಯದನ್ನು ಇಲ್ಲೇ ಹೇಳಿಬಿಡುತ್ತೇನೆ: ಅದು ಮೊಂಡಿಯೇ. ಮೊದಲ ಗುಟುಕಿಗೆ ಕಿತ್ತಳೆ ಸಿಪ್ಪೆ, ನಾಲಿಗೆಯ ನಡುವೆ ಜೇನು, ನುಂಗಿ ಎಷ್ಟೋ ಹೊತ್ತಾದ ಮೇಲೂ ಆಗ ತಾನೇ ಗರಗಸ ಹಾಕಿದ ಮರದ ಘಮ. ಅಣ್ಣ ಮೊದಲ ಸಲ ತಂದುಕೊಟ್ಟಾಗ ಹೇಗಿತ್ತೋ ಹಾಗೇ ಇದೆ.

ಇಲ್ಲೊಬ್ಬ ಹೊಸ ಸಹಾಯಕಿ ಬಂದಿದ್ದಾಳೆ. ಕೆಲಸಕ್ಕೆ ಸೇರಿ ಇನ್ನೂ ಎಂಟು ತಿಂಗಳು. ಮೊಂಡಿಯ ಲೋಟದಿಂದ ಒಂದು ಚಮಚ ಕುಡಿದು, ‘ಸರ್, ಇದು ಹಸಿ ಹುಲ್ಲು. ನೆನೆದ ಗೋಣಿ ಥರ ಇದೆ. ಇದಕ್ಕೆ ಇಷ್ಟೊಂದು ಅಂಕ ಯಾಕೆ?’ ಅಂದಳು. ‘ನಿನಗೆ ಈ ಗಿಡ ಗೊತ್ತಿಲ್ಲ’ ಅಂದೆ. ಮುಖ ಕೆಂಪಗೆ ಮಾಡಿಕೊಂಡು ಲೋಟ ತೊಳೆಯಲು ಹೋದಳು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ನನ್ನ ರೂಮು ಹಾಗೇ ಇದೆ. ಕೆಳಗೆ ಮರದ ಪೆಟ್ಟಿಗೆ ಮಾಡುವವರು ಬೆಳಗಿನಿಂದ ಸಂಜೆವರೆಗೆ ಮೊಳೆ ಹೊಡೆಯುತ್ತಾರೆ. ಮೊನ್ನೆ ಹಾಲು ಒಲೆಯ ಮೇಲಿಟ್ಟು ಪೇಪರ್ ಓದುತ್ತಾ ಕೂತಿದ್ದೆ. ಪಕ್ಕದ ಮನೆಯವರು ಬಾಗಿಲು ಬಡಿದು, ‘ಏನ್ರೀ, ಬದುಕಿದ್ದೀರಾ?’ ಅಂದಾಗ ತಲೆಯೆತ್ತಿದರೆ ರೂಮಿನ ತುಂಬ ಹೊಗೆ. ಪಾತ್ರೆಯ ತಳ ಇದ್ದಿಲು. ಅಷ್ಟು ಮೈಮರೆತಿದ್ದೆ.

ನಿಮ್ಮ ಮೈದುನ


ಜನವರಿ 20, 1987

ಮೂಗಯ್ಯನಿಗೆ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಏಳು–ಹನ್ನೊಂದರ ಬಗ್ಗೆ ಬರೆದದ್ದು ಖಂಡಿತವೇ? ಚೀಲದಲ್ಲಿ ಇನ್ನೂ ಬೀಜ ಉಳಿದಿರಬೇಕು. ದಯವಿಟ್ಟು ಇನ್ನೊಮ್ಮೆ ಕುಡಿದು ನೋಡು. ಆ ಹುಡುಗಿ ಹುಲ್ಲು ಅಂದಳಂತಲ್ಲ, ಸುಮ್ಮನೆ ಹಾಗೆ ಹೇಳುತ್ತಾಳೆಯೇ? ನಾನು ಅನುಮಾನ ಪಡುತ್ತಿಲ್ಲ. ನಾಲ್ಕು ಸಾವಿರ ಸಸಿಯ ಮಾತು, ಅಷ್ಟೇ.

ಹಾಲು ಸೀದದ್ದು ಕೇಳಿ ನಕ್ಕೆ. ಪಕ್ಕದ ಮನೆಗೆ ವಾಸನೆ ಮುಟ್ಟಿದರೂ ಊರಿಗೇ ಮೂಗು ಅನಿಸಿಕೊಂಡವನಿಗೆ ಮುಟ್ಟಲಿಲ್ಲ ಅಂದರೆ ಮನಸ್ಸು ಎಲ್ಲೋ ಇದೆ ಅಂತಾಯಿತು. ಯಾರಪ್ಪಾ ಅವರು? ಹೇಳು, ಅತ್ತಿಗೆಗೆ ಹೇಳದೆ ಇನ್ಯಾರಿಗೆ ಹೇಳುತ್ತೀ. ನಲವತ್ನಾಲ್ಕು ತಡವೇನಲ್ಲ.

ಹಲ್ಲು ಕೀಳಿಸಿದೆ. ತೋಟದ ಕೆಲಸದವರು ಕೊಯ್ಲು ಮುಗಿಸಿ ಹೋದರು. ಈಗ ಬೆಳಿಗ್ಗೆ ಬೀಗ ತೆಗೆಯುವವಳೂ ನಾನೇ, ಸಂಜೆ ಹಾಕುವವಳೂ ನಾನೇ.

ಅತ್ತಿಗೆ


ಫೆಬ್ರವರಿ 11, 1987

ಪ್ರೀತಿಯ ಅತ್ತಿಗೆಗೆ,

ಮತ್ತೆ ಹುರಿದು ಮತ್ತೆ ಕುಡಿದೆ. ಅದೇ ಕಿತ್ತಳೆ, ಅದೇ ಜೇನು. ಸಂಶಯ ಬೇಡ. ವರದಿಗೆ ಸಹಿ ಹಾಕಿ ಕಳಿಸಿದ್ದೇನೆ. ಏಳು–ಹನ್ನೊಂದರ ಬೀಜ ಬಿತ್ತಿ ಅಂತ ಇನ್ನೊಂದು ವಾರದಲ್ಲಿ ನಿಮಗೆ ಆದೇಶ ಬರುತ್ತದೆ. ಅಣ್ಣ ಇದ್ದಿದ್ದರೆ ಇವತ್ತು ಊರಿಗೆಲ್ಲ ಕಾಫಿ ಕುಡಿಸುತ್ತಿದ್ದ.

ನೀವು ಕೇಳಿದ ಇನ್ನೊಂದು ವಿಷಯ. ಯಾರೋ ಇದ್ದಾರೆ ಅಂತಲೇ ಅಂದುಕೊಳ್ಳಿ. ಸಮಯ ಬಂದಾಗ ಹೇಳುತ್ತೇನೆ.

ನಿಮ್ಮ ಮೈದುನ


ಮಾರ್ಚ್ 30, 1987

ಮಾನ್ಯ ಮೈದುನರಿಗೆ,

ಆದೇಶದಂತೆ ಬೀಜ ಬಿತ್ತಿ ಆಗಿದೆ. ಮರಳಿನ ಪಾತಿ ನಾಲ್ಕು. ನೆರಳಿಗೆ ಚಪ್ಪರ ಹಾಕಿಸಿದೆ. ಹದಿನೈದು ದಿನದಲ್ಲಿ ಮೊಳಕೆ ಕಾಣಬಹುದು.

ನೀವು ಸಂತೋಷವಾಗಿದ್ದೀರಿ ಎಂದು ತಿಳಿದು ಸಂತೋಷವಾಯಿತು. ಇಬ್ಬರಿಗೂ ಒಳ್ಳೆಯದಾಗಲಿ. ನಿಮಗೆ ಈಗ ಸಮಯ ಇರಲಾರದು. ಇನ್ನು ಮುಂದೆ ಕೆಲಸದ ವಿಷಯವಿದ್ದರೆ ಮಾತ್ರ ಬರೆಯುತ್ತೇನೆ.

ಅತ್ತಿಗೆ


ಜೂನ್ 21, 1987

ಅತ್ತಿಗೆ,

ಮದುವೆಯಾಗಿ ಬಂದ ದಿನದಿಂದ ನನ್ನನ್ನು ‘ನೀನು’ ಅಂದವರು ನೀವು. ಮಾರ್ಚಿನ ಪತ್ರದಲ್ಲಿ ‘ನೀವು’ ಅಂದಿದ್ದೀರಿ, ‘ಮಾನ್ಯ’ ಅಂದಿದ್ದೀರಿ. ಯಾವುದೋ ಇಲಾಖೆಯಿಂದ ನೋಟಿಸು ಬಂತೇನೋ ಅನ್ನಿಸಿತು. ಮೂರು ತಿಂಗಳು ಮೇಜಿನ ಮೇಲೇ ಇಟ್ಟುಕೊಂಡು ಏನು ಉತ್ತರ ಬರೆಯುವುದು ಅಂತ ನೋಡಿದೆ.

ಯಾರೂ ಇಲ್ಲ ಅತ್ತಿಗೆ. ಯಾರೂ ಇರಲಿಲ್ಲ. ಹಾಲು ಸೀದದ್ದಕ್ಕೆ ಒಂದು ಕಾರಣ ಬೇಕಿತ್ತು. ನೀವೇ ಒಂದು ಕೊಟ್ಟಿರಿ, ನಾನು ತೆಗೆದುಕೊಂಡೆ.

ಭಾನುವಾರ ಕಚೇರಿಗೆ ರಜೆ. ಬಂದರಿನ ಪಕ್ಕ ಮೀನು ಒಣಗಿಸುವ ಜಾಗದಲ್ಲಿ ಒಂದು ಕಲ್ಲುಬೆಂಚಿದೆ. ಜನ ಮೂಗು ಮುಚ್ಚಿಕೊಂಡು ಬೇಗಬೇಗ ದಾಟಿಹೋಗುತ್ತಾರೆ. ನಾನು ಅಲ್ಲೇ ಕೂರುತ್ತೇನೆ. ಬೆಂಚು ಯಾವಾಗಲೂ ಖಾಲಿ ಇರುತ್ತದೆ. ಕ್ರೇನು ಮೂಟೆಗಳನ್ನು ಎತ್ತಿ ಹಡಗಿನ ಹೊಟ್ಟೆಗೆ ಇಳಿಸುವುದನ್ನು ನೋಡುತ್ತೇನೆ. ವಾರದಲ್ಲಿ ಆರು ದಿನ ಲೋಟಗಳ ಮುಂದೆ ನಿಂತು ಸೊರ್ರ್ ಅಂತ ಎಳೆದು ಉಗಿಯುತ್ತೇನೆ. ಏಳನೇ ದಿನ ಬಾಯಿ ಮುಚ್ಚಿಕೊಂಡು ಕೂತರೆ ಎಷ್ಟು ಹಾಯಾಗಿರುತ್ತದೆ ಅಂತ ನಿಮಗೆ ಹೇಗೆ ಹೇಳಲಿ.

ಒಂದು ವಿಷಯ ಬರೆಯಬೇಕೆಂದೇ ಕೂತೆ. ಈಗ ಬೇಡ ಅನ್ನಿಸುತ್ತಿದೆ. ಸಸಿಗಳು ಹೇಗಿವೆ?

ನಿಮ್ಮ ಮೈದುನ


ಆಗಸ್ಟ್ 19, 1987

ಮೂಗಯ್ಯಾ,

‘ನೀವು’ ಅಂದದ್ದಕ್ಕೆ ಕ್ಷಮಿಸು. ಯಾಕೆ ಹಾಗೆ ಬರೆದೆ ಅಂತ ನನ್ನನ್ನು ಕೇಳಬೇಡ. ನನಗೂ ಪೂರ್ತಿ ಗೊತ್ತಿಲ್ಲ.

ಬರೆಯಬೇಕಾದದ್ದು ಬೇರೆ ಇದೆ. ಎಂಟು ತಿಂಗಳಿಂದ ನುಂಗಲಾರದ ತುತ್ತು. ಇವತ್ತು ಉಗಿದುಬಿಡುತ್ತೇನೆ.

ಮೊಂಡಿ ಸತ್ತುಹೋಗಿದೆ. ಹೋದ ವರ್ಷ ಸೆಪ್ಟೆಂಬರಿನಲ್ಲೇ. ಕಾಂಡ ಕೊರಕ ಹುಳ. ಬುಡದ ತೊಗಟೆ ಉಬ್ಬಿತ್ತು, ಎಲೆ ಹಳದಿಯಾಗಿತ್ತು, ಕಾಯಿ ಗಿಡದಲ್ಲೇ ಕರ್ರಗಾಗಿ ಒಣಗಿದವು. ಕಡಿದು ಸುಟ್ಟೆ. ಸುಡದಿದ್ದರೆ ಹುಳ ಪಕ್ಕದ ಗಿಡಕ್ಕೆ ಹೋಗುತ್ತದೆ.

ಹುಳ ಮೊಟ್ಟೆ ಇಡುವ ಕಾಲಕ್ಕೆ ಎಲ್ಲ ಗಿಡದ ಕಾಂಡವನ್ನೂ ನಾರಿನ ಕೈಗವಸಿನಲ್ಲಿ ಉಜ್ಜಬೇಕು. ನಾನು ಎಲ್ಲವನ್ನೂ ಉಜ್ಜಿದೆ. ಅದೊಂದನ್ನು ಬಿಟ್ಟೆ. ಮರೆತಲ್ಲ. ಆ ಗಿಡದ ಹತ್ತಿರ ಹೋದಾಗಲೆಲ್ಲ ನಿನ್ನಣ್ಣನ ಜೊತೆ ಮಾತಾಡುವುದು ನನಗೆ ಅಭ್ಯಾಸವಾಗಿತ್ತು. ಇವತ್ತು ಇಷ್ಟು ಕೊಯ್ಲಾಯಿತು, ಛಾವಣಿ ಸೋರುತ್ತಿದೆ, ಹೀಗೆ. ಆ ವರ್ಷ ಅಲ್ಲಿ ನಿಂತರೆ ಒಂದು ಮಾತೂ ಹುಟ್ಟಲಿಲ್ಲ. ನಾಳೆ ಉಜ್ಜಿದರಾಯಿತು ಅಂತ ಮುಂದೆ ಹೋದೆ. ಮರುದಿನವೂ ಹಾಗೇ ಮಾಡಿದೆ.

ನಿನಗೆ ಕಳಿಸಿದ್ದು ಪಕ್ಕದ ಹನ್ನೆರಡರ ಬೀಜ. ಚೀಟಿಯಲ್ಲಿ ಹನ್ನೊಂದು ಅಂತ ಬರೆದೆ. ‘ಸತ್ತಿದೆ’ ಅಂತ ಬರೆಯಲು ಕೈ ಬರಲಿಲ್ಲ. ಮೊದಲ ಗುಟುಕಿಗೇ ಮೂಗಯ್ಯ ಕಂಡುಹಿಡಿಯುತ್ತಾನೆ, ‘ಅತ್ತಿಗೆ, ಇದೇನು?’ ಅಂತ ಕೇಳುತ್ತಾನೆ, ಆಗ ಹೇಳಿದರಾಯಿತು ಅಂತ ನಿನ್ನ ನಾಲಿಗೆಯ ಮೇಲೆ ಬಿಟ್ಟೆ. ನೀನು ಕಿತ್ತಳೆ ಅಂದೆ, ಜೇನು ಅಂದೆ. ಒಂದೇ ಬುಟ್ಟಿಯ ಬೀಜದಿಂದ ಒಂದೇ ದಿನ ನೆಟ್ಟ ಗಿಡಗಳು, ರುಚಿ ಒಂದೇ ಇದ್ದರೂ ಇರಬಹುದು ಅಂತ ನನಗೆ ನಾನೇ ಹೇಳಿಕೊಂಡು ಬಿತ್ತಿದೆ.

ಹೋದ ವಾರ ಹನ್ನೆರಡರ ಎಲೆ ಮಗುಚಿದೆ. ಕಿತ್ತಳೆ ಪುಡಿ. ತುಕ್ಕು ಹಿಡಿದಿದೆ.

ಅದೇ ದಿನ ಮಧ್ಯಾಹ್ನ ಮೇಲ್ದಿಣ್ಣೆಯ ಬೆಳೆಗಾರನೊಬ್ಬ ಸಸಿ ನೋಡಲು ಬಂದ. ಒಂದೊಂದು ಕೈಯೂ ಮೊರದಷ್ಟು ಅಗಲ. ಕೂತು, ಒಂದು ಸಸಿಯ ಎಲೆಯನ್ನು ಎರಡೇ ಬೆರಳಲ್ಲಿ ಹಿಡಿದು, ‘ಇದಕ್ಕೆ ತುಕ್ಕು ಬರಲ್ವಂತೆ, ಹೌದಾ ಅಮ್ಮಾ? ಎಂಟುನೂರು ಗುಂಡಿ ತೋಡಿ ಇಟ್ಟಿದ್ದೀವಿ, ನಾನೂ ನನ್ನ ಹೆಂಡ್ತೀನೂ’ ಅಂದ. ನಾನು ನೀರಿನ ಡಬ್ಬ ಎತ್ತಿಕೊಂಡು ಆಚೆ ಹೋದೆ.

ಈಗ ನೀನು ಹೇಳಬೇಕು. ಹನ್ನೆರಡರ ರುಚಿ ನಿಜಕ್ಕೂ ಮೊಂಡಿಯ ಹಾಗೇ ಇದ್ದರೆ, ತುಕ್ಕಿಗೆ ಔಷಧಿ ಹೊಡೆದುಕೊಂಡು ಬೆಳೆಯಿರಿ ಅಂತ ಹೇಳಿ ಕೊಡಬಹುದು. ಆದರೆ ನನಗೆ ಹಾಗನ್ನಿಸುವುದಿಲ್ಲ. ನಿನಗೆ ಮೊದಲ ಗುಟುಕಿಗೇ ಗೊತ್ತಾಗಿದೆ. ಗಿಡ ಹೋಗಿದೆ, ಅತ್ತಿಗೆಗೆ ಹೇಳಲು ಬಾಯಿಲ್ಲ, ಅವಳ ಮಾನ ಉಳಿಯಲಿ ಅಂತ ನೀನು ಆ ವರದಿ ಬರೆದೆ. ಅಲ್ಲವೇ? ಅಷ್ಟು ದೊಡ್ಡ ಮನಸ್ಸು ನಿನ್ನದು. ನಿನ್ನನ್ನು ಬೈಯಬೇಕೋ ಕೈಮುಗಿಯಬೇಕೋ ತಿಳಿಯುತ್ತಿಲ್ಲ.

ಅಕ್ಟೋಬರ್ ಹದಿನೈದಕ್ಕೆ ಸಸಿ ಹಂಚಬೇಕು. ಅಷ್ಟರೊಳಗೆ ಬರೆ.

ಅತ್ತಿಗೆ


ಅಕ್ಟೋಬರ್ 4, 1987

ಅತ್ತಿಗೆ,

ನಿಮ್ಮ ಪತ್ರ ಬಂದು ಆರು ವಾರವಾಯಿತು. ಹೌದು, ನಿಮ್ಮ ಮಾನ ಉಳಿಸಲೆಂದೇ ಹಾಗೆ ಬರೆದೆ ಅಂತ ಎರಡು ಸಲ ಉತ್ತರ ಬರೆದೆ. ಅಕ್ಷರ ಚೆನ್ನಾಗಿಯೇ ಬಂದಿತ್ತು. ಅಂಚೆ ಡಬ್ಬದವರೆಗೂ ಹೋದೆ. ಅಷ್ಟು ಒಳ್ಳೆಯವನಾಗುವ ಅವಕಾಶ ಮನುಷ್ಯನಿಗೆ ಮತ್ತೆ ಮತ್ತೆ ಬರುವುದಿಲ್ಲ. ಎರಡನ್ನೂ ಹರಿದೆ.

ನನಗೆ ಗೊತ್ತಾಗಲಿಲ್ಲ. ಆ ಚೀಲದಲ್ಲಿ ನೀವು ಮರದ ಹೊಟ್ಟು ತುಂಬಿ ಕಳಿಸಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ.

ಹೋದ ವರ್ಷ ಜುಲೈಯಲ್ಲಿ ಒಂಬತ್ತು ದಿನ ಜ್ವರ ಬಂದಿತ್ತು. ನಿಮಗೆ ಬರೆಯಲಿಲ್ಲ. ಜ್ವರ ಬಿಟ್ಟ ಬೆಳಿಗ್ಗೆ ಸ್ನಾನಕ್ಕೆ ಹೋದೆ. ಸೋಪು ಹಚ್ಚಿಕೊಂಡರೆ ಕೈಯಲ್ಲಿ ಬರೀ ಜಾರುವ ಕಲ್ಲು. ಅಂಗಡಿಯವ ಹಳೇ ಸೋಪು ಕೊಟ್ಟ ಅಂತ ಹೋಗಿ ಜಗಳವಾಡಿದೆ. ಅವನು ಮೂಸಿ ನೋಡಿ, ‘ಏನ್ ಸ್ವಾಮೀ, ಘಮ್ ಅಂತಿದೆಯಲ್ಲ!’ ಅಂದ. ಅಲ್ಲೇ ನಿಂತು ಅವನ ಅಂಗಡಿಯಲ್ಲಿದ್ದ ಒಂದೊಂದನ್ನೂ ಎತ್ತಿ ಮೂಗಿಗೆ ಹಿಡಿದೆ. ಸೀಮೆಎಣ್ಣೆ ಕೂಡ ನೀರು. ಡಾಕ್ಟರು ಮೂಗಿನ ನರ ಸತ್ತಿದೆ ಅಂದರು. ‘ಬರಬಹುದು, ಬರದೇನೂ ಇರಬಹುದು.’ ಬರಲಿಲ್ಲ. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ಮಾತ್ರ ಉಳಿದಿದೆ. ಕಾಫಿ ಅಂದರೆ ಈಗ ಕಹಿ ಬಿಸಿನೀರು.

ಇಪ್ಪತ್ತೆರಡು ವರ್ಷ ಈ ಮೂಗು ನನಗೆ ಅನ್ನ ಹಾಕಿತು. ಬೇರೆ ಕೆಲಸ ಗೊತ್ತಿಲ್ಲ. ಸಹಾಯಕಿ ಪಕ್ಕದಲ್ಲಿ ಕುಡಿಯುವಾಗ ಗೊಣಗುತ್ತಾಳೆ, ಹುಬ್ಬು ಏರಿಸುತ್ತಾಳೆ. ಅವಳ ಹುಬ್ಬು ನೋಡಿಕೊಂಡು ಅಂಕ ಹಾಕುತ್ತಾ ಬಂದೆ. ಮೊಂಡಿಯ ಲೋಟಕ್ಕೆ ಮಾತ್ರ ಅವಳ ಮುಖ ನೋಡಲಿಲ್ಲ. ಅದು ನನಗೆ ಬಾಯಿಪಾಠವಾಗಿತ್ತು. ಬೇರೆ ಎಲ್ಲ ಹೋದರೂ ಅದೊಂದು ನನ್ನದು ಅಂತ ನಂಬಿದ್ದೆ. ಬಾಯಲ್ಲಿ ಇಟ್ಟುಕೊಂಡು ನಿಂತೆ. ಏನೂ ಇಲ್ಲ. ಇಲ್ಲದ್ದನ್ನು ನೆನಪಿನಿಂದ ಎತ್ತಿ ಬರೆದೆ. ಆ ಹುಡುಗಿ ಸರಿಯಾಗಿ ಹೇಳಿದ್ದಳು. ಅವಳ ಬಾಯಿ ಮುಚ್ಚಿಸಿದೆ.

ಸಸಿ ಕೊಡಬೇಡಿ. ಇದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನಾಳೆ ದೊಡ್ಡ ಸಾಹೇಬರ ಮುಂದೆ ನಿಂತು ನನ್ನ ತಪ್ಪು ಹೇಳುತ್ತೇನೆ. ನಿಮ್ಮ ಚೀಟಿಯ ವಿಷಯ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ನನ್ನ ಬಾಯಿಂದ ಬರುವುದಿಲ್ಲ.

ನಿಮ್ಮ ಮೈದುನ


ಅಕ್ಟೋಬರ್ 25, 1987

ಮೂಗಯ್ಯಾ,

ಆ ಹೆಸರನ್ನು ಇನ್ನು ಕರೆಯಬಾರದೇನೋ. ಬೇರೆ ಹೆಸರು ನನ್ನ ಬಾಯಿಗೆ ಬರುವುದಿಲ್ಲ, ಸಹಿಸಿಕೋ.

ನಿನ್ನ ಪತ್ರ ಹತ್ತನೇ ತಾರೀಖು ಬಂತು. ಮೊದಲು ಸಿಟ್ಟು ಬಂತು. ಮೂಗು ಹೋದದ್ದಕ್ಕಲ್ಲ. ಸುಳ್ಳು ಬರೆದದ್ದಕ್ಕೂ ಅಲ್ಲ, ಆ ವಿಷಯದಲ್ಲಿ ನನಗೆ ಬಾಯಿಲ್ಲ. ಒಂಬತ್ತು ದಿನ ಜ್ವರ ಬಂದರೂ ನನಗೊಂದು ಕಾರ್ಡು ಹಾಕಲಿಲ್ಲ ನೀನು. ಆ ಹುಡುಗಿಗೆ ‘ನಿನಗೆ ಗೊತ್ತಿಲ್ಲ’ ಅಂದೆಯಲ್ಲ, ಅದಕ್ಕೂ ಸಿಟ್ಟು. ಹೋಗಿ ಅವಳ ಹತ್ತಿರ ಮಾತಾಡು.

ಮೇಲಿನವರಿಗೆ ಎಲ್ಲ ಬರೆದೆ. ಮೊಂಡಿ ಸತ್ತದ್ದು, ಚೀಟಿ ಬದಲಿಸಿದ್ದು, ಎಲ್ಲ. ಎಚ್ಚರಿಕೆ ಪತ್ರ ಬಂತು. ಐದಾರು ವರ್ಷದಲ್ಲಿ ಅವರು ತೋಟದ ಹೆಸರಿಗಲ್ಲದೆ ನನ್ನ ಹೆಸರಿಗೆ ಬರೆದ ಮೊದಲ ಪತ್ರ. ಬೇರೆ ಯಾರೂ ಇಲ್ಲಿಗೆ ಬರಲು ಒಪ್ಪುವುದಿಲ್ಲ, ಅದಕ್ಕೇ ಕೆಲಸ ಉಳಿದಿದೆ.

ಆಮೇಲೆ ಮೇಲ್ದಿಣ್ಣೆಗೆ ನಡೆದುಕೊಂಡು ಹೋದೆ. ಎರಡೂವರೆ ಗಂಟೆ ಏರು. ಅಗಲ ಕೈಯವನ ಅಂಗಳದಲ್ಲಿ ಹದಿನಾರು ಮನೆಯವರು ಸೇರಿದರು. ನಿಂತುಕೊಂಡೇ ಹೇಳಿದೆ. ‘ನಾನು ಕೊಡಬೇಕಾಗಿದ್ದ ಸಸಿ ಆ ಗಿಡದ್ದಲ್ಲ. ಆ ಗಿಡ ನನ್ನ ಕೈಲೇ ಸತ್ತಿದೆ. ಈ ಸಸಿಗೆ ತುಕ್ಕು ಬರುತ್ತೆ, ರುಚೀನೂ ಇಲ್ಲ.’ ಅವನ ಹೆಂಡತಿ ಮುಂದೆ ಬಂದು ಕೇಳಿದಳು:

‘ಎಂಟುನೂರು ಗುಂಡಿ ತೋಡಿದ್ದು ಯಾರು, ನಿಮ್ಮ ಇಲಾಖೇನಾ? ನನ್ನ ಕೈ ನೋಡಿ.’

ನೋಡಿದೆ. ಬೊಕ್ಕೆ ಒಡೆದು ಗಟ್ಟಿಯಾಗಿತ್ತು.

‘ಬಿಡೇ’ ಅಂದ ಅವನು. ‘ನಾಲ್ಕು ವರ್ಷ ಸಾಕಿ, ಹೂ ಬಿಟ್ಟು, ಆಮೇಲೆ ಗೊತ್ತಾಗಿದ್ರೆ ಇವ್ರ ಮನೆ ಬಾಗಿಲಿಗೆ ನಾನೇ ಬೆಂಕಿ ಇಡ್ತಿದ್ದೆ. ಈಗ ಹೋಗೋದು ಒಂದು ವರ್ಷ. ಗುಂಡೀಲಿ ಕುಂಬಳ ಹಾಕೋಣ.’

‘ಕುಂಬಳ ತಿಂದ್ಕೊಂಡು ವರ್ಷ ಕಳೀತೀಯಾ?’ ಅಂತ ಹಿಂದಿನಿಂದ ಯಾರೋ ಅಂದರು. ಒಬ್ಬ ಮುದುಕ ನನ್ನ ಕಾಲ ಹತ್ತಿರ ಉಗಿದು ಎದ್ದು ಹೋದ. ಇಳಿಯುವಾಗ ಯಾರೂ ಜೊತೆಗೆ ಬರಲಿಲ್ಲ. ಬರಲಿ ಅಂತ ನಾನೂ ಕಾಯಲಿಲ್ಲ.

ನಾಲ್ಕು ಸಾವಿರ ಸಸಿಯನ್ನೂ ನಾನೇ ಕಿತ್ತೆ. ಮೂರು ದಿನ ಹಿಡಿಯಿತು. ಒಂದೊಂದರ ಬೇರೂ ಬಿಳಿಯಾಗಿ, ನೆಟ್ಟಗೆ, ಚೆನ್ನಾಗಿತ್ತು. ಅವುಗಳದ್ದೇನು ತಪ್ಪು.

ಈ ವರ್ಷ ನಾಲ್ಕನೇ ಸಾಲಿನ ಮೂವತ್ತನ್ನು ಬಿತ್ತುತ್ತೇನೆ. ತುಕ್ಕು ಹತ್ತಿರ ಸುಳಿದಿಲ್ಲ. ರುಚಿ ಸಾಧಾರಣ ಅಂತ ವರದಿಯಲ್ಲಿ ಇತ್ತು. ಅದು ಆ ಹುಡುಗಿಯ ಹುಬ್ಬಿನ ಅಂಕ ತಾನೇ? ಹಾಗಾದರೆ ನಂಬುತ್ತೇನೆ.

ಅತ್ತಿಗೆ


ಡಿಸೆಂಬರ್ 18, 1987

ಅತ್ತಿಗೆ,

ನನ್ನನ್ನು ಗೋದಾಮಿಗೆ ಹಾಕಿದ್ದಾರೆ. ಮೂಟೆಗಳಿಗೆ ಮುದ್ರೆ ಒತ್ತುವ ಕೆಲಸ. ಮನೆಗೆ ಕಳಿಸುತ್ತಾರೆ ಅಂದುಕೊಂಡಿದ್ದೆ. ದೊಡ್ಡ ಸಾಹೇಬರು, ‘ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ವರದಿ ಸುಳ್ಳು?’ ಅಂದರು. ‘ಹದಿನಾಲ್ಕು ತಿಂಗಳದ್ದು’ ಅಂದೆ. ಹದಿನಾಲ್ಕು ತಿಂಗಳ ಮಾದರಿಗಳನ್ನೆಲ್ಲ ಮತ್ತೆ ಪರೀಕ್ಷೆ ಮಾಡುತ್ತಿದ್ದಾರೆ. ಸಹಾಯಕಿ ಈಗ ನನ್ನ ಕುರ್ಚಿಯಲ್ಲಿದ್ದಾಳೆ.

ನೀವು ಹೇಳಿದಂತೆ ಅವಳ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಲೋಟ ಒರೆಸುತ್ತಿದ್ದಳು. ‘ನಂಗೆ ಫೆಬ್ರವರಿಯಲ್ಲೇ ಗೊತ್ತಾಗಿತ್ತು ಸರ್. ನೀವು ಮುಗ್ಗಿದ ಬೀಜಕ್ಕೆ ನನ್ನ ಮುಖ ನೋಡಿದ್ರಿ.’

‘ಮತ್ತೆ ಯಾಕಮ್ಮಾ ಹೇಳಲಿಲ್ಲ?’

‘ನೀವೇ ಹೇಳ್ತೀರಾ ಅಂತ ಕಾಯ್ತಿದ್ದೆ.’

ಒಬ್ಬರ ಬಾಯಿಗೆ ಇನ್ನೊಬ್ಬರು ಕಾಯುತ್ತಾ ಮೂವರೂ ಒಂದು ವರ್ಷ ಕೂತಿದ್ದೆವು.

ನಾಲ್ಕು–ಮೂವತ್ತನ್ನು ಅವಳು ಮತ್ತೆ ಕುಡಿದಳು. ‘ಸಾಧಾರಣ, ಆದರೆ ಕೆಟ್ಟ ಗುಣ ಒಂದೂ ಇಲ್ಲ’ ಅಂತ ಬರೆದಿದ್ದಾಳೆ. ನಾನು ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಚಿಕ್ಕ ವರದಿ ಬರೆದವನಲ್ಲ.

ಗೋದಾಮಿನವರು ವರ್ಷಕ್ಕೆರಡು ಸಲ ರಜೆ ಕೊಡುತ್ತಾರೆ. ಏಪ್ರಿಲಿನಲ್ಲಿ ನಾಲ್ಕು ದಿನ ಬರಲೇ? ಅಣ್ಣ ಹೋದ ಮೇಲೆ ನಾನು ಬೆಟ್ಟ ಹತ್ತಿಲ್ಲ. ಬೇಡ ಅಂದರೂ ಬೇಸರವಿಲ್ಲ.

ನಿಮ್ಮ ಮೈದುನ


ಏಪ್ರಿಲ್ 24, 1988

ಮೂಗಯ್ಯಾ,

ನಿನ್ನ ಬಸ್ಸು ತಿರುವು ದಾಟುವವರೆಗೂ ನಿಂತಿದ್ದೆ. ನೀನು ಕಿಟಕಿಯಿಂದ ಕೈ ಬೀಸಿದ್ದು ನನಗಲ್ಲ, ಹಾಲಿನವನಿಗೆ. ನಾನು ಎಡಗಡೆ ಇದ್ದೆ. ಇರಲಿ.

ಮನೆಗೆ ಬಂದು ನೋಡಿದರೆ ಎರಡು ತಟ್ಟೆ ತೊಳೆಯುವುದಿತ್ತು. ಬಹಳ ದಿನದಿಂದ ಒಂದನ್ನೇ ತೊಳೆದ ಕೈ, ಎರಡನೆಯದಕ್ಕೆ ಏನು ಮಾಡಬೇಕು ಅಂತ ತಿಳಿಯದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಿತ್ತು.

ನೀನು ನಾಲ್ಕು ದಿನವೂ ಚೆನ್ನಾಗಿ ದುಡಿದೆ. ಪಾತಿಗೆ ನೀರು ಹಾಕಿದೆ, ಬಾಗಿಲ ಕೀಲು ಸರಿಮಾಡಿದೆ. ನಿನ್ನಣ್ಣನ ಮಾತು ಇಬ್ಬರೂ ಎತ್ತಲಿಲ್ಲ. ಎತ್ತದೆಯೂ ಊಟ ಸೇರಿತು. ಅದು ನನಗೆ ಆಶ್ಚರ್ಯ.

ಒಂದು ಮಾತು ಮಾತ್ರ ನನ್ನನ್ನು ಚುಚ್ಚುತ್ತಿದೆ, ಬರೆದುಬಿಡುತ್ತೇನೆ. ಮೂರನೇ ದಿನ ಬೆಳಿಗ್ಗೆ ಎದ್ದಾಗ ಇಡೀ ತೋಟ ಹೂ ಬಿಟ್ಟಿತ್ತಲ್ಲ. ಕೊಂಬೆ ಕೊಂಬೆಗೂ ಬೆಳ್ಳಗೆ, ಜೇನುಹುಳದ ಸದ್ದು ಎಷ್ಟೆಂದರೆ ಮಾತು ಕೇಳಿಸುತ್ತಿರಲಿಲ್ಲ. ನೀನು ಒಂದು ಕೊಂಬೆ ಬಗ್ಗಿಸಿ ಮುಖವನ್ನು ಹೂವಿನೊಳಗೆ ಇಟ್ಟೆ. ಎಷ್ಟೋ ಹೊತ್ತು ಹಾಗೇ ಇದ್ದೆ. ಆಮೇಲೆ ನನ್ನ ಕಡೆ ತಿರುಗಿ, ‘ಬಂತು ಅತ್ತಿಗೆ. ಒಂಚೂರು. ವಾಸನೆ ಬಂತು’ ಅಂದೆ. ನಾನು ಖುಷಿಯಿಂದ ಕೈ ತಟ್ಟಿದೆ. ಮನೆಗೆ ಓಡಿಹೋಗಿ ಹೆಚ್ಚು ಸಕ್ಕರೆ ಹಾಕಿ ಹಾಲು ಕಾಸಿದೆ.

ಆ ಹಾಲು ತಳ ಹಿಡಿದಿತ್ತು. ನಾನು ಲೋಟ ಮೂಗಿನ ಹತ್ತಿರ ತಂದು ಹಾಗೇ ಕೆಳಗಿಟ್ಟೆ. ನೀನು ಪೂರ್ತಿ ಕುಡಿದು, ‘ಚೆನ್ನಾಗಿದೆ’ ಅಂದೆ.

ನಾನು ಆಗ ಏನೂ ಹೇಳಲಿಲ್ಲ. ಕೇಳಿದ್ದರೆ ನೀನು ಇನ್ನೊಂದು ಸುಳ್ಳು ಕಟ್ಟುತ್ತಿದ್ದೆ, ನಾನು ಅದನ್ನೂ ನಂಬಿದ ಹಾಗೆ ಮಾಡುತ್ತಿದ್ದೆ. ಈ ಆಟ ನಮಗೆ ಚೆನ್ನಾಗಿ ಬರುತ್ತದೆ. ಇನ್ನು ಬೇಡ. ನನಗೆ ನಿಜ ಬರೆ.

ಅತ್ತಿಗೆ


ಮೇ 2, 1988

ಅತ್ತಿಗೆ,

ಬರಲಿಲ್ಲ. ಏನೂ ಬರಲಿಲ್ಲ. ದಳಗಳು ಕೆನ್ನೆಗೆ ತಣ್ಣಗೆ ತಾಕಿದವು, ಒಂದು ಹುಳ ಕಿವಿಯ ಹತ್ತಿರ ಗುಂಯ್ ಅಂದಿತು, ಅಷ್ಟೇ.

ಕಣ್ಣು ಬಿಟ್ಟಾಗ ನೀವು ಉಸಿರು ಬಿಗಿಹಿಡಿದು ನಿಂತಿದ್ದಿರಿ. ನನಗಾಗಿ ಯಾರಾದರೂ ಹಾಗೆ ಕಾದು ನಿಂತು ಎಷ್ಟು ವರ್ಷವಾಗಿತ್ತೋ. ಅದಕ್ಕೆ ಬಂತು ಅಂದೆ.

ಇನ್ನು ಅನ್ನುವುದಿಲ್ಲ.

ಕಾಂಡ ಉಜ್ಜುವುದು ಯಾವ ತಿಂಗಳು ಅಂತ ಬರೆಯಿರಿ. ಅದಕ್ಕೆ ಮೂಗು ಬೇಡ. ಎರಡು ಕೈ ಇದ್ದರೆ ಸಾಕು ತಾನೇ? ಗೋದಾಮಿನವರನ್ನು ಈಗಲೇ ರಜೆ ಕೇಳಿ ಇಡುತ್ತೇನೆ.

ಬಸ್ಸಿನಲ್ಲಿ ಕೈ ಬೀಸಿದ್ದು ಹಾಲಿನವನಿಗಲ್ಲ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ನೀವು ಎಲ್ಲಿದ್ದೀರಿ ಅಂತ ಕಾಣಲಿಲ್ಲ. ಅಂದಾಜಿನಲ್ಲಿ ಬೀಸಿದೆ.

ನಿಮ್ಮ ಮೈದುನ